ಹಡಗಿನ ಬಾಗಿಲಿಗೆ ಅರಿಷಿಣ

ನಮ್ಮ ಸಿದ್ದಾರೂಢ ಕೂತದ್ದನ್ನು ಕಂಡವರು ಕಡಿಮೆ. ಚಹಾ ಕುಡಿಯುವುದು ನಿಂತು, ಪೇಪರು ಓದುವುದು ನಿಂತು. ಊಟಕ್ಕೆ ಕೂತರೂ ಒಂದು ಮೊಣಕಾಲು ಮೇಲೆತ್ತಿಕೊಂಡು, ಇನ್ನೇನು ಎದ್ದೆ ಎನ್ನುವ ಧಾಟಿಯಲ್ಲಿ ಉಣ್ಣುತ್ತಾನೆ. ಬಸ್ಸಿನಲ್ಲಿ ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿರುತ್ತಾನೆ. ಹೊಂಬಳದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಬೆಂಚಿನ ಮುಕ್ಕಾಲು ಭಾಗ ನನ್ನದೇ ಆಗಿತ್ತು, ಏಕೆಂದರೆ ಅವನು ಅದರ ಮೇಲೆ ಇರುತ್ತಲೇ ಇರಲಿಲ್ಲ. ನಾನು ಇದಕ್ಕೆ ತದ್ವಿರುದ್ಧ. ಬೆಟಗೇರಿಯಲ್ಲಿ ಲಗ್ನಪತ್ರಿಕೆ ಮುದ್ರಿಸುವ ಸಣ್ಣ ಪ್ರೆಸ್ಸು ನನ್ನದು. ಬೆಳಿಗ್ಗೆ ಕುರ್ಚಿಗೆ ಅಂಟಿದರೆ ಏಳುವುದು ಸಂಜೆಗೇ. ಅವನ ಓಡಾಟ ನೋಡಿ ನೋಡಿ ನನ್ನ ಕಾಲು ನೋಯುತ್ತದೆ.

ಮನೆಯಲ್ಲಿ ಅವನು ಕೂರುವ ಜಾಗ ಒಂದೇ, ಹೊಸ್ತಿಲು. ಒಳಗೂ ಅಲ್ಲ, ಹೊರಗೂ ಅಲ್ಲ. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಮೊಬೈಲು. ಅವನ ಹೆಂಡತಿ ಶೈಲಾ ಅದನ್ನು ಕಂಡಳೆಂದರೆ ಮುಗಿಯಿತು.

“ಹೊಸ್ತಿಲ ಮ್ಯಾಲ ಕುಂಡ್ರಬ್ಯಾಡ್ರಿ, ಏಳ್ರಿ. ಒಳಗ ಬರೂದಿದ್ರ ಬರ್ರಿ, ಇಲ್ಲಾ ಹೊರಗ ಹೋಗ್ರಿ.”

ಅವನು ಏಳುತ್ತಿದ್ದ. ಹೆಚ್ಚಿನ ಸಲ ಹೊರಗೇ ಹೋಗುತ್ತಿದ್ದ.

ಅವನ ಕೈಗೆ ಹತ್ತಿದ್ದು ಕಬ್ಬಿಣದ ಕೆಲಸ, ಮತ್ತು ಆ ಕೈ ಒಳ್ಳೆಯದು. ಅದನ್ನು ಅವನ ವೈರಿಗಳೂ ಅಲ್ಲಗಳೆಯುವುದಿಲ್ಲ. ಮೊದಲು ಲಕ್ಷ್ಮೇಶ್ವರದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿದ. ಚೆನ್ನಾಗಿಯೇ ನಡೆದಿತ್ತು. ಒಂದು ಟ್ರೇಲರಿನ ಅಚ್ಚು ಮುರಿದು ವಾಪಸು ಬಂದದ್ದೇ ತಡ, ಇವನ ಮನಸ್ಸೂ ಮುರಿಯಿತು. ಶಿರಹಟ್ಟಿಗೆ ಹೋಗಿ ತಿಜೋರಿ ಮಾಡಲು ನಿಂತ. ಮದುವೆಗೆ ಕೊಟ್ಟ ಒಂದು ತಿಜೋರಿಯ ಬಾಗಿಲು ಸರಿಯಾಗಿ ಕೂಡುವುದಿಲ್ಲ ಎಂದು ಬೀಗರು ನಾಲ್ಕು ಮಂದಿಯ ಮುಂದೆ ಅಂದರು. ಆ ಬಾಗಿಲನ್ನು ತಿದ್ದಿಕೊಡುವುದು ಬಿಟ್ಟು ಮುಂಡರಗಿಗೆ ಹೋದ. ಅಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ಗೋಪುರಕ್ಕೆ ಉಕ್ಕಿನ ಬಾಗಿಲು ಮಾಡಿಕೊಡುವ ಕೆಲಸ ಹಿಡಿದ. ಎಲ್ಲಿ ಎಡವಿದನೋ ಅಲ್ಲಿಂದ ಎದ್ದು ಹೋಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಇದಕ್ಕೆ ನಾನು ಅವನನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಪ್ರತಿ ಸಲವೂ ಮನೆಯ ಸಾಮಾನು ಕಟ್ಟಿಕೊಂಡು ಹೊರಟವಳು ಶೈಲಾ. ಮುಂಡರಗಿಯ ಶೆಡ್ಡು ತೆರೆದ ದಿನ ಅವಳು ಹೊಸ್ತಿಲಿಗೆ ಅರಿಷಿಣ ಹಚ್ಚಿ, ಕುಂಕುಮವಿಟ್ಟು, ಮುಂದೆ ಜೋಳದ ತೆನೆಯ ರಂಗೋಲಿ ಹಾಕಿದ್ದಳು. ಆ ತೆನೆ ಅವಳದೇ, ಬೇರೆ ಯಾರ ಕೈಯಲ್ಲೂ ನಾನು ನೋಡಿಲ್ಲ. ವರ್ಷ ತುಂಬುವ ಮೊದಲೇ ಆ ಶೆಡ್ಡಿಗೂ ಬೀಗ ಬಿತ್ತು. ಬೆಟಗೇರಿಗೆ ಬರುವ ಮುಂಚೆ ಅವಳು ಗಂಡನಿಗೆ ನನ್ನ ಎದುರಿಗೇ ಹೇಳಿದಳು.

“ಬರ್ತೇನಿ. ಇದ ಕಡೀದು. ಮುಂದ ಮತ್ತೆಲ್ಲರೆ ಹೋದ್ರ ನೀವೊಬ್ರ ಹೋಗ್ರಿ, ನಾ ಬರಂಗಿಲ್ಲ. ನಿಮ್ಮ ಶೆಡ್ಡಿನ ಹೊಸ್ತಿಲಕ್ಕ ನನ್ನ ಕೈ ಇನ್ನ ಅರಿಷಿಣ ಹಚ್ಚೂದಿಲ್ಲ.”

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಮರೆತುಬಿಡುತ್ತಿದ್ದೆ. ಅವಳು ಸಮಾಧಾನವಾಗಿ, ಪಾತ್ರೆ ಕಟ್ಟುತ್ತಾ ಹೇಳಿದಳು. ಬೆಟಗೇರಿಯ ಶೆಡ್ಡು ನನ್ನ ಪ್ರೆಸ್ಸಿಗೆ ಗೋಡೆ ಹಂಚಿಕೊಂಡದ್ದು, ಅವರ ಮನೆಯಿಂದ ಎರಡು ಓಣಿ ದೂರ. ಅವಳು ಅದರೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ನೌಕಾಪಡೆಗೆ ಹೊಸ ಗಸ್ತು ಹಡಗು ಬೇಕಾಗುವುದಕ್ಕೂ ಸಮುದ್ರದ ವಾಸನೆಯೇ ಇಲ್ಲದ ಬೆಟಗೇರಿಯ ಒಂದು ಶೆಡ್ಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಗಾಳಿಯಂತ್ರದ ಕಂಪನಿಯಲ್ಲಿದ್ದ ಒಬ್ಬ ಎಂಜಿನಿಯರು ಕಡಲತಡಿಯ ಒಂದು ಶಿಪ್‌ಯಾರ್ಡಿಗೆ ಕೆಲಸಕ್ಕೆ ಸೇರಿದ್ದ. ಅಲ್ಲಿ ಗಸ್ತು ಹಡಗುಗಳ ಒಂದು ಹೊಸ ಸಾಲಿನ ತಯಾರಿ ನಡೆದಿತ್ತು. ಎಷ್ಟು ವಾರ ದಡಕ್ಕೆ ಬರದೆ ಇರಬೇಕು, ಎಷ್ಟು ವೇಗ ಬೇಕು, ಹೆಲಿಕಾಪ್ಟರ್ ಇಳಿಯಬೇಕೋ ಬೇಡವೋ, ಇದನ್ನೆಲ್ಲ ನೌಕಾಪಡೆ ಹೇಳುತ್ತದೆ. ವಿನ್ಯಾಸದವರು ಅದನ್ನು ಕಾಗದಕ್ಕೆ ಇಳಿಸುತ್ತಾರೆ. ಆಮೇಲೆ ಶಿಪ್‌ಯಾರ್ಡಿನವರು ಒಂದೊಂದು ಸಾಮಾನನ್ನು ಯಾರು ಚೆನ್ನಾಗಿ ಮಾಡಿಯಾರು ಎಂದು ದೇಶವೆಲ್ಲ ಹುಡುಕುತ್ತಾರೆ. ಬಾಗಿಲಿನ ಮಾತು ಬಂದಾಗ ಆ ಎಂಜಿನಿಯರಿಗೆ ಮುಂಡರಗಿಯ ಗುಡ್ಡದ ಮೇಲಿನ ಬಾಗಿಲು ನೆನಪಾಯಿತಂತೆ. ಮಾದರಿಗೆ ಒಂದು ಬಾಗಿಲು ಮಾಡಿ ತೋರಿಸು, ಪರೀಕ್ಷೆಯಲ್ಲಿ ಪಾಸಾದರೆ ಉಳಿದವೂ ನಿನಗೇ ಸಿಗಬಹುದು ಎಂದು ಫೋನು ಬಂತು. ಹಾಗೆ, ರೈಲಿಗೆ ಹತ್ತಿರವೆಂದು, ಅವನು ಬೆಟಗೇರಿಗೆ ಬಂದ.

ಹಡಗಿನ ಬಾಗಿಲು ಎಂದರೆ ಮನೆಯ ಬಾಗಿಲಲ್ಲ. ಮುಚ್ಚಿದರೆ ಒಂದು ಹನಿ ನೀರು ಒಳಗೆ ನುಸುಳಬಾರದು. ಬಾಗಿಲಿನ ಅಂಚಿನ ಸುತ್ತ ಒಂದು ತೋಡು ಕೊರೆದು, ಅದರಲ್ಲಿ ದಪ್ಪ ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಚೌಕಟ್ಟಿನ ತೆಳು ಅಂಚು ಆ ರಬ್ಬರಿಗೆ ಸುತ್ತಲೂ ಸಮನಾಗಿ ಒತ್ತಬೇಕು. ಒತ್ತಿದೆಯೋ ಇಲ್ಲವೋ ನೋಡಲು ಬಳಸುವುದು ಶಾಲೆಯ ಮಾಸ್ತರರ ಸೀಮೆಸುಣ್ಣವನ್ನು. ಚೌಕಟ್ಟಿನ ಅಂಚಿಗೆ ಸುಣ್ಣ ತಿಕ್ಕಿ ಬಾಗಿಲು ಬಿಗಿದು ತೆರೆದರೆ ರಬ್ಬರಿನ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಆ ಗೆರೆ ಎಲ್ಲೂ ಹರಿಯದೆ ಒಂದು ಸುತ್ತು ಬರಬೇಕು. ಆಮೇಲೆಯೇ ಪೈಪಿನ ನೀರು ಹೊಡೆದು ನೋಡುವುದು.

ಆ ಡ್ರಾಯಿಂಗಾದರೂ ಒಂದು ಕಡೆ ನಿಂತಿತೇ? ಗಾಯಗೊಂಡವರನ್ನು ಮಲಗಿಸಿಕೊಂಡು ಒಯ್ಯಲು ಸಾಲದೆಂದು ಬಾಗಿಲು ಅಗಲವಾಯಿತು. ತೆರೆ ಮೇಲೆ ಹತ್ತಿದರೆ ನೀರು ಒಳಗೆ ಬರುತ್ತದೆಂದು ಹೊಸ್ತಿಲು ಎತ್ತರವಾಯಿತು. ವಾರಗಟ್ಟಲೆ ನೀರಿನ ಮೇಲಿದ್ದು ದಣಿದ ಮಂದಿ ಒಂದೊಂದೇ ಅಗಳಿ ತಿರುವುತ್ತ ನಿಲ್ಲಲಾರರು, ಒಂದೇ ಹಿಡಿಕೆಗೆ ಎಲ್ಲ ಅಗಳಿಗಳೂ ಕೂಡಿ ಬೀಳಬೇಕು ಎಂದು ಮತ್ತೊಂದು ಡ್ರಾಯಿಂಗು ಬಂತು. ಪ್ರತಿ ಸಲ ಮಾಡಿದ್ದನ್ನು ಬಿಚ್ಚಿ ಹೊಸದಾಗಿ ಮಾಡಬೇಕು. ವೆಲ್ಡಿಂಗ್ ಮಾಡುವ ಮಾಂತೇಶ ತಲೆ ಚಚ್ಚಿಕೊಂಡ. ನಾನು ನನ್ನ ಕುರ್ಚಿಯಲ್ಲಿ ಕೂತು, ಇಂದು ಓಡುತ್ತಾನೆ, ನಾಳೆ ಓಡುತ್ತಾನೆ ಎಂದು ಕಾದೆ. ಅವನು ಓಡಲಿಲ್ಲ. ಶೆಡ್ಡಿನೊಳಗೇ ಬಾಗಿಲಿನ ಸುತ್ತ ತಿರುಗುತ್ತಿದ್ದ, ಗಾಣದ ಎತ್ತಿನ ಹಾಗೆ. ಆ ಗೋಡೆಯಾಚೆ ಅವನ ಚಪ್ಪಲಿ ಸಪ್ಪಳ ಕೇಳುತ್ತಾ ನನಗೆ ಹೆಸರುಗಳ ಅಕ್ಷರ ಜೋಡಣೆಯೇ ತಪ್ಪುತ್ತಿತ್ತು.

ಕೊನೆಗೆ ಬಾಗಿಲು ಆಯಿತು. ಚೌಕಟ್ಟಿನ ಸಮೇತ ಶೆಡ್ಡಿನ ನಡುವೆ ನಿಲ್ಲಿಸಿದರು. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಸಿದ್ದಾರೂಢ, ಮಾಂತೇಶ ತಾವೇ ಸುಣ್ಣ ತಿಕ್ಕಿ ನೋಡಿದರು, ಗೆರೆ ಪೂರ್ತಿ ಬಂತು. ಶುಕ್ರವಾರ ಬೆಳಿಗ್ಗೆ ಶಿಪ್‌ಯಾರ್ಡಿನ ಪರೀಕ್ಷಕರು ರೈಲಿನಲ್ಲಿ ಬರುವವರಿದ್ದರು. ಸೋಮವಾರ ಶಿಪ್‌ಯಾರ್ಡಿನವರು ಬಾಗಿಲಿನ ಕೆಲಸ ಯಾರಿಗೆ ಎಂದು ತೀರ್ಮಾನ ಮಾಡುವವರು. ಹುಬ್ಬಳ್ಳಿಯ ಕಡೆಯ ಇನ್ನೊಂದು ವರ್ಕ್‌ಶಾಪೂ ಸ್ಪರ್ಧೆಯಲ್ಲಿತ್ತು.

ಶುಕ್ರವಾರ ಸೂರ್ಯ ಮೇಲೇರುವ ಮೊದಲೇ ಸಿದ್ದಾರೂಢ ಗದಗ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಲೆಯತೊಡಗಿದ. ರೈಲು ತಡ. ಅಷ್ಟರಲ್ಲಿ ಇತ್ತ ಶೈಲಾ ಮೊಳೆಗೆ ತೂಗುಹಾಕಿದ್ದ ಶೆಡ್ಡಿನ ಕೀಲಿ ತೆಗೆದುಕೊಂಡು ಬಂದು ಬಾಗಿಲು ತೆರೆದಳು. ನಾನು ಪ್ರೆಸ್ಸಿನ ಮುಂದೆ ಕಸ ಗುಡಿಸುತ್ತಿದ್ದೆ. ಅವಳು ತಲೆಗೆ ನೀರು ಹಾಕಿಕೊಂಡು, ಕೈಯಲ್ಲಿ ತಟ್ಟೆ ಹಿಡಿದಿದ್ದಳು. ನನ್ನನ್ನು ನೋಡಿ ಸ್ವಲ್ಪ ನಾಚಿದಳು.

“ಅಣ್ಣಾ, ಅವರಿಗೆ ಹೇಳಬ್ಯಾಡ್ರಿ. ಬಂದು ತಾವ ನೋಡ್ಲಿ.”

ನನಗೆ ಆದ ಸಂತೋಷ ಹೇಳತೀರದು. ಅವಳು ಒಳಗೆ ಏನು ಮಾಡಿದಳೆಂದು ನಾನು ಹೋಗಿ ನೋಡಲಿಲ್ಲ. ಹೊಸ್ತಿಲಿಗೆ ಅರಿಷಿಣ ಹಚ್ಚುವುದನ್ನು ಏನು ನೋಡುವುದು?

ರೈಲು ಬಂತು, ಪರೀಕ್ಷಕರು ಬಂದರು. ಆಸೀಮ ಎಂದು ಹೆಸರು, ಅಂಕೋಲೆಯ ಕಡೆಯವರು, ಮೆಲ್ಲನೆ ಮಾತಾಡುವ ಮನುಷ್ಯ. ಮಾಂತೇಶನೂ ಬಂದ, ನಾನೂ ಪ್ರೆಸ್ಸು ಬಿಟ್ಟು ಎದ್ದು ಹೋದೆ. ಒಳಗೆ ಹೆಜ್ಜೆಯಿಟ್ಟ ಸಿದ್ದಾರೂಢ ಅಲ್ಲೇ ನಿಂತ. ಬಾಗಿಲಿನ ಹಿಡಿಕೆಗೆ ಸೇವಂತಿಗೆ ಹೂವಿನ ಮಾಲೆ. ಬಾಗಿಲ ಮುಂದೆ ನೆಲದ ಮೇಲೆ ಜೋಳದ ತೆನೆಯ ರಂಗೋಲಿ. ಅವನು ಆ ತೆನೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ತೆನೆಯನ್ನು ನೋಡಿದ. ಅವನ ಮುಖ ಅಷ್ಟು ಹಿಗ್ಗಿದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಆಸೀಮ ಅವರೂ ನಕ್ಕರು. ಮಾಲೆಯನ್ನು ಜೋಪಾನವಾಗಿ ತೆಗೆದು ಮಾಂತೇಶನ ಕೈಗೆ ಕೊಟ್ಟು, ಹಿಡಿಕೆ ತಿರುವಿದರು. ಅಗಳಿಗಳೆಲ್ಲ ಒಟ್ಟಿಗೆ ಎದ್ದವು. ಬಾಗಿಲು ತೆರೆದು ಬಗ್ಗಿ ನೋಡಿದವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ರಬ್ಬರಿನ ಮೇಲೆ ಬೆರಳು ಎಳೆದು ನಮಗೆ ತೋರಿಸಿದರು. ಬೆರಳು ಹಳದಿಯಾಗಿ ಮಿರುಗುತ್ತಿತ್ತು.

ಕಲ್ಲಿನ ಹೊಸ್ತಿಲಿಗಾದರೆ ನೀರಿನಲ್ಲಿ ಕಲಸಿದ ಅರಿಷಿಣ ಹತ್ತುತ್ತದೆ. ಬಣ್ಣ ಹೊಡೆದ ಉಕ್ಕಿಗೆ ಅದು ಹತ್ತಲಿಲ್ಲ, ಜಾರಿ ಇಳಿಯಿತು. ಅದಕ್ಕೆ ಶೈಲಾ ಮನೆಗೆ ಹೋಗಿ ಕುಸುಬಿ ಎಣ್ಣೆ ತಂದು, ಅದರಲ್ಲಿ ಕಲಸಿ ಹಚ್ಚಿದ್ದಳು. ಹಡಗಿನ ಚೌಕಟ್ಟಿಗೆ ಮೂಲೆಗಳಿಲ್ಲ, ದುಂಡಗೆ ತಿರುಗುತ್ತದೆ. ಹೊಸ್ತಿಲು ಎಲ್ಲಿ ಮುಗಿಯಿತೆಂದು ತಿಳಿಯದೆ ಎರಡೂ ಬದಿಗೆ ಮೊಣಕಾಲೆತ್ತರದವರೆಗೆ ಹಚ್ಚಿದ್ದಳು. ಪೂಜೆ ಮಾಡಿದ ಹೊಸ್ತಿಲನ್ನು ನಾಯಿ ದಾಟಬಾರದೆಂದು ಬಾಗಿಲು ಮುಚ್ಚಿ ಹಿಡಿಕೆ ಬಿಗಿದಿದ್ದಳು. ಎಣ್ಣೆಯೆಲ್ಲ ರಬ್ಬರಿಗೆ ಕೂತಿತ್ತು.

“ಡ್ರಾಯಿಂಗಿನಲ್ಲಿ ಬರೆದಿದೆ,” ಎಂದರು ಆಸೀಮ. “ಈ ರಬ್ಬರಿಗೆ ಎಣ್ಣೆ ತಾಗಬಾರದು. ಇವತ್ತು ನೀರು ತಡೆಯಬಹುದು. ಆರು ತಿಂಗಳ ಮೇಲೆ ಅದು ಮೆತ್ತಗಾಗಿ, ಉಬ್ಬಿ, ತೋಡಿನಿಂದ ಎದ್ದು ಬರುತ್ತದೆ. ಆಗ ಈ ಬಾಗಿಲು ಸಮುದ್ರದ ಮಧ್ಯೆ ಇರುತ್ತದೆ. ಇದನ್ನು ನಾನು ಪರೀಕ್ಷೆಗೆ ತಗೊಳ್ಳುವ ಹಾಗೇ ಇಲ್ಲ. ಯಾರು ಹಚ್ಚಿದ್ದು?”

ಮಾಂತೇಶ ನೆಲ ನೋಡಿದ. ಸಿದ್ದಾರೂಢನ ಕೋಪ ಗೊತ್ತಿದ್ದವನು ನಾನು. ಇನ್ನು ಮನೆಗೆ ಓಡುತ್ತಾನೆ, ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ ಎಂದುಕೊಂಡೆ.

“ನಾನ ಹೇಳಿ ಮಾಡಿಸೇನ್ರಿ ಸಾಹೇಬ್ರ,” ಎಂದ ಅವನು. “ನಮ್ಮ ಕಡೆ ಹೊಸ ಬಾಗಲಕ್ಕ ಹಂಗ ಬಿಡಂಗಿಲ್ಲ. ರಬ್ಬರಿನ ನೆನಪ ನನಗ ಇರಬೇಕಾಗಿತ್ತು.”

“ಸುಳ್ಳ ಯಾಕ ಹೇಳ್ತೀರಿ?”

ಶೆಡ್ಡಿನ ಬಾಗಿಲಲ್ಲಿ ಶೈಲಾ ನಿಂತಿದ್ದಳು, ಅತಿಥಿಗೆಂದು ಉಪ್ಪಿಟ್ಟು ಶಿರಾ ತುಂಬಿದ ಡಬ್ಬಿ ಹಿಡಿದುಕೊಂಡು. “ಅವರಿಗೆ ಇದು ಗೊತ್ತ ಇರಲಿಲ್ರಿ. ನಾನ ಬಂದು ಹಚ್ಚೇನಿ. ಛಲೋ ಆಗ್ಲಿ ಅಂತ ಹಚ್ಚೇನಿ.” ಡಬ್ಬಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಸೀಮ ಒಳ್ಳೆಯವರು, ಆದರೆ ಒಳ್ಳೆಯತನಕ್ಕೆ ನಿಯಮ ಬಗ್ಗಿಸುವವರಲ್ಲ. ನಮ್ಮ ಮನೆಯಲ್ಲೂ ಹೊಸ ದೋಣಿಯನ್ನು ಹಾಗೇ ನೀರಿಗಿಳಿಸುವುದಿಲ್ಲ ತಾಯಿ ಎಂದರು, ಉಪ್ಪಿಟ್ಟು ತಿಂದರು, ಬಾಗಿಲು ತಿರಸ್ಕೃತ ಎಂದು ಬರೆದರು. ಅವರು ಹುಬ್ಬಳ್ಳಿಗೆ ಹೋಗಿ ಇನ್ನೊಂದು ವರ್ಕ್‌ಶಾಪಿನ ಬಾಗಿಲು ನೋಡಬೇಕಿತ್ತು. ಹಳೆಯ ರಬ್ಬರು ಕಿತ್ತು, ತೋಡಿನಲ್ಲಿ ಎಣ್ಣೆಯ ಅಂಶವೂ ಉಳಿಯದಂತೆ ಕೆರೆದು, ಹೊಸ ರಬ್ಬರು ಅಂಟಿಸಿ ಅದು ಒಣಗಿದ್ದರೆ ಭಾನುವಾರ ಬಂದು ನೋಡುತ್ತೇನೆ, ಮಾತು ಕೊಡುವುದಿಲ್ಲ ಎಂದರು. ಹೊಸ ರಬ್ಬರಿನ ಸುರುಳಿ ಶೆಡ್ಡಿನಲ್ಲೇ ಇತ್ತು. ಇಲ್ಲದ್ದು ಕೂತು ಕೆರೆಯುವ ತಾಳ್ಮೆ. ಅಂಥ ಕೆಲಸ ಯಾವಾಗಲೂ ಮಾಂತೇಶನದು, ಮತ್ತು ಮಾಂತೇಶ ಅವತ್ತು ಮಧ್ಯಾಹ್ನ ಅಂತೂರ ಬೆಂತೂರಕ್ಕೆ ತಂಗಿಯ ನಿಶ್ಚಯಕ್ಕೆ ಹೋಗಲೇಬೇಕಿತ್ತು.

ಸಿದ್ದಾರೂಢ ಪರೀಕ್ಷಕರನ್ನು ರಿಕ್ಷಾ ಹತ್ತಿಸಿದ. ಒಳಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಬೀಸು ಹೆಜ್ಜೆ ಹಾಕುತ್ತಾ ಹೊರಟೇಬಿಟ್ಟ. ಆ ನಡಿಗೆಯ ಗುರುತು ನನಗೂ ಇದೆ, ಶೈಲಾಗೂ ಇದೆ. ಲಕ್ಷ್ಮೇಶ್ವರದಿಂದ ಹಾಗೇ ಹೊರಟಿದ್ದ, ಶಿರಹಟ್ಟಿಯಿಂದಲೂ ಹಾಗೇ.

ಅವಳು ನನ್ನ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತಳು. “ಹ್ವಾದ್ರು,” ಎಂದಳು.

“ಬರ್ತಾನ ತಂಗಿ.”

“ಬಂದು ಸಾಮಾನ ಕಟ್ಟು ಅಂತಾರ. ನಾ ಬರಂಗಿಲ್ಲ ಅಂತೇನಿ. ಅಷ್ಟ ನೋಡ್ರಿ ಅಣ್ಣಾ, ಮುಗೀತು.” ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡುತ್ತಾ ಮತ್ತೆ ಹೇಳಿದಳು. “ಎಷ್ಟ ಸಲ ಡ್ರಾಯಿಂಗ ಬದಲಾತು, ಎಷ್ಟ ಸಲ ಬಿಚ್ಚಿ ಮಾಡಿದ್ರು, ಓಡಿ ಹೋಗಲಿಲ್ಲ. ಈ ಸಲ ನಿಂತ್ರು ಅನಿಸ್ತು ನನಗ. ಅದಕ್ಕ ಹಚ್ಚಿದೆ. ನನ್ನ ಕೈಯಾರ ನಾನ ಅವರನ್ನ ಓಡಿಸಿದಂಗಾತು.”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಸಿಟ್ಟು ಮಾತ್ರ ಬರುತ್ತದೆ. ಅವನ ಮೇಲೆ ಸಿಟ್ಟು, ರಬ್ಬರಿನ ಮೇಲೆ ಸಿಟ್ಟು, ಬೆಳಿಗ್ಗೆ ಒಳಗೆ ಹೋಗಿ ನೋಡಬಹುದಿತ್ತಲ್ಲ ಎಂದು ನನ್ನ ಮೇಲೂ ಸಿಟ್ಟು. ನಾನು ಕುರ್ಚಿಯಲ್ಲಿ ಕೂರಲಾರದೆ ಪ್ರೆಸ್ಸಿನೊಳಗೆ ಅತ್ತಿತ್ತ ತಿರುಗಿದೆ. ಯಾರದೋ ಲಗ್ನಪತ್ರಿಕೆಗಳನ್ನು ತಲೆಕೆಳಗೆ ಜೋಡಿಸಿದೆ.

ಭಾನುವಾರ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವ ತಾಳ್ಮೆ ನನಗಿಲ್ಲ. ಆಸೀಮ ಬಂದರು, ಸುಣ್ಣ ತಿಕ್ಕಿದರು, ಬಿಳಿ ಗೆರೆ ಎಲ್ಲೂ ಹರಿಯದೆ ಒಂದು ಸುತ್ತು ಬಂತು. ನೀರು ಹೊಡೆದಾಗ ಬಾಗಿಲಿನ ಹಿಂದೆ ನಿಂತ ನನ್ನ ಅಂಗಿಗೆ ಒಂದು ಹನಿಯೂ ಬೀಳಲಿಲ್ಲ. ಆ ಹಡಗುಗಳ ಬಾಗಿಲುಗಳು ಈಗ ಬೆಟಗೇರಿಯಲ್ಲಿ ಆಗುತ್ತವೆ, ಗೋಡೆಯಾಚೆಯ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿದಿದೆ. ಆದರೆ ನಾನು ಹೇಳಹೊರಟದ್ದು ಶುಕ್ರವಾರದ್ದು.

ಬಿಸಿಲು ಇಳಿಮುಖವಾದಾಗ ಅವನು ಬಂದ. ನಮ್ಮಿಬ್ಬರನ್ನೂ ನೋಡಿ ರಸ್ತೆಯಲ್ಲೇ ನಿಂತ.

“ಎಲ್ಲಿಗಿ ಹೋಗಿದ್ದೆಲೇ?” ಎಂದೆ.

“ಮುಂಡರಗಿ ಬಸ್ಸ ನಿಂತಿತ್ತು. ಹತ್ತಿದ್ನಿ,” ಎಂದ. “ಬಾಗಲದಾಗ ಕಂಬಿ ಹಿಡ್ಕೊಂಡು ನಿಂತಿದ್ನಿ. ಅರ್ಧ ದಾರಿಯೊಳಗ ಕಂಡಕ್ಟರ ಬಂದು, ಒಳಗ ಬರೂದಿದ್ರ ಬರ್ರಿ, ಇಲ್ಲಾ ಇಳೀರಿ ಅಂದ.” ಶೈಲಾಳ ಕಡೆ ನೋಡದೆ ಹೇಳಿದ. “ಇಳದೆ.”

ಶೆಡ್ಡಿನೊಳಗೆ ಹೋದ. ನಾವೂ ಹಿಂದೆ ಹೋದೆವು. ರಬ್ಬರು ಕಿತ್ತು ತೆಗೆದ. ಬಾಗಿಲಿನ ತಳಭಾಗದ ತೋಡು ಕೆರೆಯಬೇಕು. ನಿಂತರೆ ಕೈ ಎಟುಕದು, ಬಗ್ಗಿದರೆ ಸೊಂಟ ನಿಲ್ಲದು. ಕೂರಲು ಸರಿಯಾದ ಜಾಗ ಒಂದೇ ಇತ್ತು. ಚಪ್ಪಲಿ ಬಿಚ್ಚಿ ಬದಿಗಿಟ್ಟ. ಅವಳು ಬೆಳಿಗ್ಗೆ ಪೂಜೆ ಮಾಡಿದ್ದ ಹೊಸ್ತಿಲಿನ ಅರಿಷಿಣವನ್ನು ಅರಿವೆಯಿಂದ ಒರೆಸಿ, ಅದರ ಮೇಲೆ ಕೂತ. ಕೂತ ಮೇಲೆ ಅವನಿಗೆ ನೆನಪಾಯಿತೆಂದು ಕಾಣುತ್ತದೆ. ತಲೆಯೆತ್ತಿ ಹೆಂಡತಿಯನ್ನು ನೋಡಿದ, ಏಳಲೇ ಎನ್ನುವ ಹಾಗೆ.

ಶೈಲಾ ಮೂಲೆಗೆ ಹೋದಳು. ಅಲ್ಲಿ ಬಿದ್ದಿದ್ದ ಗೋಣಿಚೀಲ ಕೊಡವಿ, ಎರಡು ಮಡಿಕೆ ಮಾಡಿಕೊಂಡು ಬಂದಳು.

“ಸ್ವಲ್ಪ ಮ್ಯಾಲ ಏಳ್ರಿ,” ಎಂದು ಅದನ್ನು ಅವನ ಕೆಳಗೆ ಸರಿಸಿದಳು. “ಕಬ್ಬಣ ಒತ್ತತೈತಿ. ಈಗ ಕುಂಡ್ರಿ.”